ಎಳ್ಳಿನ ತಟ್ಟೆ

ಮಾಗಿಯ ಚಳಿಯಲ್ಲಿ ಹೊಲದ ಕೆಲಸ ಮುಗಿದು ಕಣದ ಕೆಲಸ ಮೊದಲಾಗುತ್ತದೆ. ರಾಗಿ ಮನೆ ಸೇರುವ ಆ ಸುಗ್ಗಿಯ ದಿನಗಳಲ್ಲಿಯೇ, ಜನವರಿ 14 ಅಥವಾ 15ರಂದು, ಸಂಕ್ರಾಂತಿ ಬರುತ್ತದೆ. ಶಾಲೆಗೆ ರಜೆ ಒಂದೇ ದಿನವಾದರೂ ಹಬ್ಬದ ಸಡಗರ ವಾರಕ್ಕೆ ಮುಂಚೆಯೇ ಅಡಿಗೆಮನೆಯನ್ನು ಹೊಕ್ಕಿರುತ್ತದೆ.

ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯ ಮನೆಯಲ್ಲಿ ಈ ಕೆಲಸ ಎಲ್ಲರಿಗೂ ಹಂಚಿಕೆಯಾಗಿತ್ತು. ಕೊಬ್ಬರಿಯ ಕಪ್ಪು ಸಿಪ್ಪೆಯನ್ನು ಹೆರೆದು ಸಣ್ಣಗೆ ಹೆಚ್ಚುವುದು ಸೊಸೆಯ ಪಾಲು. ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಚೂರು ಮಾಡಿ ಬಿಸಿಲಿಗಿಡುವುದು ಅಜ್ಜಿಯದು. ಹುರಿದ ಕಡಲೆಕಾಯಿ ಬೀಜದ ಹೊಟ್ಟನ್ನು ಮೊರದಲ್ಲಿ ಕೇರುವುದು ಮಕ್ಕಳದು. ಬಿಳಿ ಎಳ್ಳು, ಹುರಿಗಡಲೆ ಸೇರಿದರೆ ಐದು ಬಗೆ. ಕೊಬ್ಬರಿ ಹೊಸದುರ್ಗ, ಹೊಳಲ್ಕೆರೆಗಳ ತೆಂಗಿನ ತೋಟಗಳದು. ಕಡಲೆಕಾಯಿ ಹಿರಿಯೂರಿನ ಕೆಂಪು ನೆಲದ್ದು. ಕಡಲೆ ಚಿತ್ರದುರ್ಗದ ಎರೆಹೊಲದ್ದು. ಒಂದು ಸೀಮೆಯೇ ಆ ತಟ್ಟೆಯಲ್ಲಿ ಬಂದು ಕೂಡುತ್ತಿತ್ತು.

ಮನೆಮನೆಗೂ ಎಳ್ಳಿನ ಲೆಕ್ಕ ಹಾಕುವವಳು ಅಜ್ಜಿ. ಪ್ರತಿವರ್ಷವೂ ಅವಳು ಒಂದು ಪಾಲನ್ನು ಬೇರೆಯಾಗಿ ಎತ್ತಿಡುತ್ತಿದ್ದಳು. ಅದು ಬೀದಿಯ ತುದಿಯಲ್ಲಿದ್ದ ಹಿರಿಯ ಮಗನ ಮನೆಯದು. ಅದನ್ನು ಒಯ್ಯುವವರು ಮಾತ್ರ ಇರಲಿಲ್ಲ.

ಅಣ್ಣತಮ್ಮಂದಿರು ಹೊಲವನ್ನು ಹಂಚಿಕೊಂಡರೂ ಬಾವಿ ಒಂದೇ ಉಳಿದಿತ್ತು. ಬರದ ಸೀಮೆಯಲ್ಲಿ ನೀರಿನ ಬೆಲೆ ಎಷ್ಟೆಂಬುದಕ್ಕೆ ಸಮೀಪದ ಜಲಾಶಯವೇ ಸಾಕ್ಷಿ: ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಬಾವಿಯ ಸರದಿಗಾಗಿ ಎದ್ದ ಜಗಳ ಮಾತು ಬಿಡುವವರೆಗೂ ಬೆಳೆಯಿತು. ಕೆಲವು ವರ್ಷಗಳಲ್ಲಿ ಬಾವಿಯೇ ಬತ್ತಿತು; ಜಗಳ ಬತ್ತಲಿಲ್ಲ.

ಚಿತ್ರದುರ್ಗದ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದ ಮೊಮ್ಮಗಳು ಆ ವರ್ಷ ಹಬ್ಬಕ್ಕೆಂದು ಬಂದಿದ್ದಳು. ಸಂಜೆ ಎಲ್ಲ ಮನೆಗಳಿಗೂ ಎಳ್ಳು ಬೀರಿ ಬಂದವಳು ಗೂಡಿನಲ್ಲಿ ಉಳಿದಿದ್ದ ಪಾಲನ್ನು ಕಂಡಳು. ಯಾರನ್ನೂ ಕೇಳಲಿಲ್ಲ. ಅದನ್ನು ತಟ್ಟೆಯಲ್ಲಿಟ್ಟುಕೊಂಡು, ಸಕ್ಕರೆ ಅಚ್ಚೊಂದನ್ನು ಮೇಲಿರಿಸಿ, ಬೀದಿಯ ತುದಿಗೆ ನಡೆದಳು.

ಬಾಗಿಲು ತೆರೆದ ದೊಡ್ಡಮ್ಮ ತಟ್ಟೆಯನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಬಹಳ ಹೊತ್ತು ಮಾತೇ ಹೊರಡಲಿಲ್ಲ.

“ಚಳೀಲಿ ಯಾಕವ್ವ ನಿಂತೆ? ಒಳಗೆ ಬಾ” ಎಂದಳು ಕೊನೆಗೆ.

ಎಳ್ಳು ತಂದ ತಟ್ಟೆಯನ್ನು ಬರಿದಾಗಿ ಕಳುಹಿಸುವುದು ಸಲ್ಲದು. ಹುಡುಗಿ ಹಿಂದಿರುಗಿದಾಗ ತಟ್ಟೆಯಲ್ಲಿ ಒಂದು ಹಿಡಿ ಎಳ್ಳುಬೆಲ್ಲವೂ ಎರಡು ತುಂಡು ಕಬ್ಬೂ ಇದ್ದುವು. ಅಜ್ಜಿ ಅದನ್ನು ದೇವರ ಮುಂದಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಗಲಿಯಲ್ಲಿ ಕುಳಿತಿದ್ದ ಮಗ ಎಲ್ಲವನ್ನೂ ನೋಡುತ್ತಿದ್ದ. ಹಬ್ಬವು ಜಗಳಕ್ಕೆ ತೀರ್ಪು ಹೇಳಲಾರದು. ಒಂದು ಬಾಗಿಲನ್ನು ತಟ್ಟಲು ನೆಪವನ್ನಂತೂ ಕೊಡುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ಅವನು ಒಳಗೆ ಬಂದು ಕಬ್ಬಿನ ತುಂಡೊಂದನ್ನು ಕೈಗೆತ್ತಿಕೊಂಡ. ಮಗಳ ಮುಖವನ್ನು ನೋಡದೆಯೇ ಕೇಳಿದ:

“ಅಣ್ಣ ಮನೇಲಿದ್ದನೇನವ್ವ?”