ಬೇಕಲದ ಕೋಟೆಯೂ ಅಂಗೈಯ ಕೋಟೆಯೂ

ಕಾಸರಗೋಡಿನಿಂದ ತೆಂಕಣಕ್ಕೆ ಸುಮಾರು 16 ಕಿಲೋಮೀಟರು ಸಾಗಿದರೆ, ಕಡಲಿನತ್ತ ಚಾಚಿದ ನೆಲದ ಮೇಲೆ ಬೇಕಲದ ಕೋಟೆ ಕಾಣಿಸುತ್ತದೆ. ಹದಿನೇಳನೆಯ ಶತಮಾನದ ನಡುವೆ ಕೆಳದಿಯ ಶಿವಪ್ಪನಾಯಕನು ಮುರಕಲ್ಲಿನಿಂದ ಕಟ್ಟಿಸಿದ ಈ ಕೋಟೆ ಸುಮಾರು 40 ಎಕರೆಗಳಷ್ಟು ಹರಡಿದ್ದು, ಕೇರಳದ ಕೋಟೆಗಳಲ್ಲೆಲ್ಲ ದೊಡ್ಡದೆನಿಸಿದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತಾದರೂ, ಕೆಳದಿಯ ಕಥೆ ಬಲ್ಲವರಿಗೆ ಈ ಗೋಡೆಗಳು ಪರಕೀಯವೆನಿಸವು.

ಈ ಸಲದ ಪಯಣದಲ್ಲಿ ನಮ್ಮೊಡನೆ ಎಪ್ಪತ್ತೆಂಟು ವರ್ಷದ ದೊಡ್ಡಮ್ಮನವರೂ ಇದ್ದರು. ಕೈಯಲ್ಲಿ ಊರುಗೋಲು, ಚೀಲದಲ್ಲಿ ಮೊಬೈಲು. ಆ ಮೊಬೈಲಿನಲ್ಲಿ ಅವರ ಪರಮಪ್ರಿಯವಾದ ಆಟವೊಂದಿದೆ. ಹೆಸರು 'ಮಾನ್ಯುಮೆಂಟ್ ವ್ಯಾಲಿ'. ಲಂಡನ್ನಿನ ಅಸ್‌ಟೂ ಸಂಸ್ಥೆಯವರು 2014ರಲ್ಲಿ ಹೊರತಂದದ್ದು. ಈಡಾ ಎಂಬ ಪುಟ್ಟ ರಾಜಕುಮಾರಿಯನ್ನು ಗೋಪುರದಿಂದ ಗೋಪುರಕ್ಕೆ ದಾಟಿಸಬೇಕು. ದಾರಿ ಮಾತ್ರ ನೇರವಾಗಿಲ್ಲ. ಕಂಬವನ್ನೋ ಸೇತುವೆಯನ್ನೋ ತಿರುಗಿಸಿದಾಗ, ದೂರದ ಎರಡು ಅಂಚುಗಳು ಕಣ್ಣಿಗೆ ಕೂಡಿದಂತೆ ಕಂಡರೆ ಸಾಕು, ಅವು ನಿಜವಾಗಿಯೂ ಕೂಡಿಬಿಡುತ್ತವೆ! ಹತ್ತಿದಷ್ಟೂ ಮೊದಲಿದ್ದಲ್ಲಿಗೇ ಮರಳುವ ಮೆಟ್ಟಿಲನ್ನು 1960ರಲ್ಲಿ ಚಿತ್ರಿಸಿದ ಡಚ್ ಕಲಾವಿದ ಎಶರನ ಪ್ರಭಾವ ಈ ಆಟದ ಮೇಲಿದೆ. ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆಯ ಗುಳಿಗಳಿಗೆ ಮಂಜೊಟ್ಟಿ ಬೀಜ ಹಂಚುತ್ತಿದ್ದ ಕೈಗಳೇ ಈಗ ಗಾಜಿನ ಮೇಲೆ ಗೋಪುರ ತಿರುಗಿಸುತ್ತಿವೆ.

ಮೂರು ದಿನಗಳಿಂದ ಒಂದೇ ಘಟ್ಟದಲ್ಲಿ ತಡೆದು ನಿಂತಿದ್ದ ಅವರಿಗೆ, ಕಾರಿನಲ್ಲಿ ಮೊಮ್ಮಗನು "ಕೊಡಜ್ಜಿ, ನಾನು ಬಿಡಿಸಿಕೊಡುತ್ತೇನೆ" ಎಂದು ಕೈನೀಡಿದ. ಅವರು ಮೊಬೈಲನ್ನು ಸೆರಗಿನೊಳಗೆ ಸೇರಿಸಿಕೊಂಡರು. "ಮಾತ್ರೆ ಎಣಿಸುವವ ನೀನು, ಬ್ಯಾಂಕಿಗೆ ಹೋಗುವವ ನಿನ್ನಪ್ಪ. ಇದೊಂದಾದರೂ ನನಗಿರಲಿ" ಎಂದರು. ಕಾರಿನೊಳಗೆ ಯಾರೂ ಮಾತನಾಡಲಿಲ್ಲ.

ಕೋಟೆಗೋಡೆಯ ಕಿಂಡಿಗಳ ಬಳಿ ಅವರು ಬಹಳ ಹೊತ್ತು ನಿಂತರು. ಮೇಲಿನ ಕಿಂಡಿಯಿಂದ ದೂರದ ಶತ್ರುವಿಗೆ ಗುರಿ, ಅದರ ಕೆಳಗಿನದರಿಂದ ಸಮೀಪಿಸಿದವನಿಗೆ, ಅಡಿಯದರಿಂದ ಗೋಡೆಯ ಬುಡಕ್ಕೇ ಬಂದವನಿಗೆ. ಒಂದೊಂದಕ್ಕೂ ಕಣ್ಣಿಟ್ಟು, "ಗೋಡೆ ಒಂದೇ, ನೋಟದ ಓರೆ ಬೇರೆ. ಕಟ್ಟಿದವನು ನನ್ನ ಆಟ ಬಲ್ಲವನು" ಎಂದು ನಕ್ಕರು.

ನಡುವಿನ ವೀಕ್ಷಣಾ ಗೋಪುರದೆದುರು ಬಂದಾಗ, "ನೀವಿಲ್ಲೇ ಕುಳಿತಿರಿ" ಎಂದರು ನಮ್ಮಲ್ಲೊಬ್ಬರು. ದೊಡ್ಡಮ್ಮ ಉತ್ತರಿಸದೆ ಗೋಪುರವನ್ನು ನಿರುಕಿಸಿದರು. ಮೇಲೇರಲು ಅಲ್ಲಿರುವುದು ಮೆಟ್ಟಿಲಲ್ಲ, ಅಗಲವಾದ ಇಳಿಜಾರು ಹಾದಿ. "ಮಂಡಿಗೆ ಬೇಡವಾದದ್ದು ಮೆಟ್ಟಿಲು. ಇದಾಗುತ್ತದೆ" ಎಂದು ಊರುಗೋಲೂರಿ ಹೊರಟರು. ನಾಲ್ಕು ಹೆಜ್ಜೆ, ತುಸು ವಿಶ್ರಾಂತಿ. ಮತ್ತೆ ನಾಲ್ಕು ಹೆಜ್ಜೆ. ಅವರ ಆಟದಲ್ಲಿಯೂ ಗಡಿಯಾರವಿಲ್ಲ, ತಡವಾದುದಕ್ಕೆ ಸೋಲಿಲ್ಲ. ಮೊಮ್ಮಗನು ಕೈಹಿಡಿಯದೆ ಎರಡು ಹೆಜ್ಜೆ ಹಿಂದೆಯೇ ನಡೆದ.

ಮೇಲಿನಿಂದ ಪಡುಗಡಲೂ, ತೆಂಗಿನ ತೋಟಗಳೂ, ಮರಳ ದಂಡೆಯೂ ಒಂದೇ ನೋಟಕ್ಕೆ ದಕ್ಕುತ್ತವೆ. ಹಿರಿಯರೊಡನೆ ಬೇಕಲಕ್ಕೆ ಹೋಗುವ ವಾಚಕರು ಬಿಸಿಲಿಳಿದ ಮೇಲೆ ಹೋಗುವುದು ಲೇಸು. ಒಂದು ಗಂಟೆಯ ಕಾಲವನ್ನು ಹೆಚ್ಚಾಗಿಯೇ ಇಟ್ಟುಕೊಳ್ಳಲಿ. ಅದು ಅವರ ಹೆಜ್ಜೆಗೆ ಸಲ್ಲಬೇಕಾದದ್ದು.