ಹೆಸರುಳ್ಳ ಮಾತು

ರಾಜ್ಯಭಾರ ಮಾಡುವವರು ಪ್ರಜೆಗಳಿಗೆ ಮಾತು ಮುಟ್ಟಿಸುವ ಸಾಧನಗಳು ಕಾಲಕಾಲಕ್ಕೆ ಬೇರೆಯಾಗುತ್ತ ಬಂದಿರುವವು. ಹಿಂದೆ ಹಳ್ಳಿಗಳಲ್ಲಿ ಡಂಗುರ ಸಾರುವವನು ಹಲಗೆ ಬಾರಿಸಿ ಸರಕಾರದ ಅಪ್ಪಣೆಯನ್ನು ತಿಳಿಸುತ್ತಿದ್ದನು. ಅವನು ಊರಿನವನೇ. ಹೊಸ್ತಿಲಲ್ಲಿ ನಿಂತ ಮುದುಕಿಯು ಅವನನ್ನು ತಡೆದು, “ಯಾರ ಹುಕುಂ ಐತೋ ತಮ್ಮಾ, ಯಾವಾಗಿಂದ?” ಎಂದು ಕೇಳಬಹುದಾಗಿತ್ತು, ಅವನು ಉತ್ತರ ಹೇಳಲೇಬೇಕಾಗಿತ್ತು.

ಬಳಿಕ ಅಚ್ಚಿನ ಕರಪತ್ರಗಳು ಬಂದವು. ಕರಪತ್ರವನ್ನು ಹಲಗೆಯವನಂತೆ ತಡೆದು ಕೇಳಲಾಗದು. ಆದರೂ ಅದಕ್ಕೊಂದು ಕಟ್ಟಳೆಯುಂಟು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 127ಎ ಕಲಮಿನಂತೆ ಚುನಾವಣೆಯ ಕರಪತ್ರದ ಮೇಲೆ ಮುದ್ರಕನ ಮತ್ತು ಪ್ರಕಾಶಕನ ಹೆಸರು, ವಿಳಾಸಗಳು ಇರತಕ್ಕದ್ದು. ತಪ್ಪಿದವರಿಗೆ 6 ತಿಂಗಳವರೆಗೆ ಸೆರೆ, ಇಲ್ಲವೆ 2,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಆಡಿದವನು ಮಾತಿಗೆ ಹೊಣೆಯಾಗಬೇಕೆಂಬುದೇ ಇದರ ತಾತ್ಪರ್ಯವು.

ಈಗ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮನೆಗಳಿಗೆ ಮುಖಂಡರ ಮಾತು ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳ ದಾರಿಯಿಂದ ಬರುತ್ತಿರುವದು. ಹಬ್ಬದ ಶುಭಾಶಯ, ರಸ್ತೆಯ ಭೂಮಿಪೂಜೆಯ ಚಿತ್ರ, ಎದುರಾಳಿಯ ನಿಂದೆ, ಎಲ್ಲವೂ ಒಂದೇ ಕೈಗನ್ನಡಿಯಲ್ಲಿ ಕಾಣಿಸುವವು. ಚುನಾವಣಾ ಆಯೋಗವು 2013ರಲ್ಲಿಯೇ ಅಭ್ಯರ್ಥಿಗಳು ತಮ್ಮ ಇಂಥ ಖಾತೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕೆಂದು ವಿಧಿಸಿತು. ಆದರೆ ಕೈಯಿಂದ ಕೈಗೆ ದಾಟಿಸಿದ ಸಂದೇಶಕ್ಕೆ ತಂದೆ ಯಾರು, ತಾಯಿ ಯಾರು? ಸುಳ್ಳುಸುದ್ದಿಗಳ ಹಾವಳಿಯಿಂದಾಗಿ 2018ರಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ದಾಟಿಸಬಹುದೆಂದು ಮಿತಿ ಹಾಕಿತು. ವೇಗವು ತಗ್ಗಿತೇ ಹೊರತು ಹೆಸರು ಹುಟ್ಟಲಿಲ್ಲ.

ಇದು ಬರಿಯ ಚುನಾವಣೆಯ ಮಾತಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕ ಪಟ್ಟಣದೊಳಗೆ ನುಗ್ಗಿದಳು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಬಿಟ್ಟ ನೀರೇ ಕೆಳಗಿನ ಊರುಗಳಿಗೆ ಹರಿಯುವದಷ್ಟೆ. ಅಂಥ ಹೊತ್ತಿನಲ್ಲಿ ಎಷ್ಟು ನೀರು, ಯಾವ ತಾಸಿಗೆ ಬಿಟ್ಟರು, ಹೇಳಿದವರು ಯಾರು ಎಂಬುದು ಪ್ರಾಣದ ಪ್ರಶ್ನೆಯು. ಹೆಸರೂ ತಿಥಿಯೂ ಇದ್ದರೆ ಅದೇ ಯಂತ್ರವು ಹಲಗೆಯವನಿಗಿಂತ ಮೊದಲೇ ಊರನ್ನು ಎಚ್ಚರಿಸುವದು. ಇಲ್ಲದಿದ್ದರೆ ನಿನ್ನೆಯ ಮಾತು ಇಂದಿನದಾಗಿ, ಜನರು ಸುಮ್ಮನೆ ಓಡುವರು, ಅಥವಾ ಓಡಬೇಕಾದಾಗ ಕೂತಿರುವರು.

ಇನ್ನೊಂದು ಊನವುಂಟು. ಗುಂಪನ್ನು ನಡೆಸುವವರು ಮಾತ್ರ ಬರೆಯಬಹುದೆಂಬ ಏರ್ಪಾಡು ಇರುವಲ್ಲಿ ಮುಖಂಡನ ಮಾತು ಸಾವಿರ ಮನೆಗಳಿಗೆ ಹೋಗುವದು. ಒಂದು ಮನೆಯ ಪ್ರಶ್ನೆಯೂ ಅಲ್ಲಿ ಅವನಿಗೆ ಬಾರದು. ನಾಲಗೆ ಸಾವಿರವಾಗಿ ಕಿವಿಯೊಂದೂ ಇಲ್ಲದಿದ್ದರೆ ಅದನ್ನು ಸಂಭಾಷಣೆಯೆನ್ನಲಾಗದು. ಆದುದರಿಂದ ಸುಶಿಕ್ಷಿತ ಮನೆಗಳವರು ಸಂದೇಶವನ್ನು ಮುಂದೆ ದಾಟಿಸುವ ಮೊದಲು ಆ ಮುದುಕಿಯ ಪ್ರಶ್ನೆಯನ್ನು ಒಮ್ಮೆ ಕೇಳುವದು ಯುಕ್ತವು. ಉತ್ತರ ದೊರೆಯದ ಮಾತು ತಮ್ಮ ಮನೆಯಲ್ಲಿಯೇ ನಿಲ್ಲಲಿ.