ಕುದುರೆ ದೇವತೆಯ ನೆರಳು

ವೇಲ್ಸ್ ನಾಡಿನ 'ಮಬಿನೋಗಿ' ಕಥೆಗಳಲ್ಲಿ ರಿಯಾನನ್ ಎಂಬ ರಾಣಿಯಿದ್ದಾಳೆ. ಹೆತ್ತ ಮಗುವನ್ನೇ ಕೊಂದಳೆಂಬ ಸುಳ್ಳು ಆರೋಪಕ್ಕೆ ಆಕೆಗೆ ಶಿಕ್ಷೆ: ಏಳು ವರ್ಷ ಕೋಟೆಯ ಬಾಗಿಲಲ್ಲಿ ಕುಳಿತು, ಬಂದವರನ್ನು ಬೆನ್ನ ಮೇಲೆ ಹೊರಲು ಸಿದ್ಧಳಿರಬೇಕು. ಈಕೆಯಲ್ಲಿ ಎಪೋನಾ ಎಂಬ ಪುರಾತನ ಕುದುರೆ ದೇವತೆಯ ನೆರಳನ್ನು ಅನೇಕ ವಿದ್ವಾಂಸರು ಕಾಣುತ್ತಾರೆ. 14ನೇ ಶತಮಾನದ 'ಬಿಳಿ ಪುಸ್ತಕ'ವೆಂಬ ಹಸ್ತಪ್ರತಿಯಲ್ಲಿ ಇದನ್ನು ಬರೆದಿಟ್ಟವರು ಕ್ರೈಸ್ತರು. ಕಳೆದುಹೋದ ಆ ಮಗುವಿಗೆ ಸಾಕಿದವರು ಜ್ಞಾನಸ್ನಾನ ಮಾಡಿಸುತ್ತಾರೆ. ಅದು ಆ ಕಾಲದ ಪದ್ಧತಿಯದೆಂಬ ಮಾತನ್ನು ಕಥೆ ಮರೆಯದೆ ಸೇರಿಸುತ್ತದೆ. ದೇವತೆ ರಾಣಿಯಾದಳು, ಅಳಿಯಲಿಲ್ಲ.

ಇಸ್ಲಾಮಿಗೆ ಮುಂಚಿನ ಅರಬ್ಬೀ ಕಾವ್ಯವನ್ನು ಸಂಗ್ರಹಿಸಿ ಉಳಿಸಿದವರೂ ಮುಸ್ಲಿಂ ವಿದ್ವಾಂಸರೇ. ಅನ್ಯರ ದೇವರ ಕಥೆ ಬರೆದರೆ ಈಮಾನ್ ಏನಾದೀತೆಂದು ಕಥೆಗಾರರಾದ ನಮ್ಮನ್ನು ಕೇಳುವವರಿದ್ದಾರೆ. ಅವರಾರ ನಂಬಿಕೆಯೂ ಕೆಡಲಿಲ್ಲ, ನಾವೇಕೆ ಹೆದರಬೇಕು?